ಬ್ಯಾಂಕಾಕಿನಲ್ಲಿ ಒಂದೇ ದಿನ ಬಿಡುವಿದ್ದರೆ ನದಿ ಬಿಟ್ಟು ಕದಲಬೇಡಿ

ಆಫೀಸಿನ ಕೆಲಸದ ನಡುವೆ ಸಿಕ್ಕ ರಜೆಯೋ, ಫುಕೆಟ್ ಮುಗಿಸಿ ಬೆಂಗಳೂರಿನ ವಿಮಾನ ಹತ್ತುವ ಮುಂಚೆ ಉಳಿದ ದಿನವೋ, ಬ್ಯಾಂಕಾಕಿನಲ್ಲಿ ಗೆಳೆಯರ ಗುಂಪಿಗೆ ಇಂಥ ಖಾಲಿ ದಿನ ಸಿಗುವುದು ಮಾಮೂಲು. ಅದು ಹಾಳಾಗುವುದೂ ಅಷ್ಟೇ ಮಾಮೂಲು. ಹತ್ತಕ್ಕೆ ತಿಂಡಿ ಮುಗಿಸಿ, ಹನ್ನೊಂದಕ್ಕೆ ಟ್ಯಾಕ್ಸಿ ಹಿಡಿದು, ಸುಖುಮ್‌ವಿಟ್ ರಸ್ತೆಯ ಸಿಗ್ನಲ್ಲಿನಲ್ಲಿ ಕೂತು, ಅರಮನೆ ಮುಟ್ಟುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ಅಲ್ಲಿಂದ ಮಾಲ್, ಮಾಲ್‌ನಿಂದ ರೂಮು. ಇನ್ನೇನು ಉಳಿಯಿತು?

ಈ ಊರಿನ ಹಳೆಯ ಭಾಗ ಪೂರ್ತಿ ಚಾವೊ ಫ್ರಾಯಾ ನದಿಯ ಅಂಚಿನಲ್ಲಿದೆ. 1782ರಲ್ಲಿ ಮೊದಲನೇ ರಾಮ ಎಂಬ ಥಾಯ್ ದೊರೆ ರಾಜಧಾನಿ ಕಟ್ಟಿದ್ದೇ ಇಲ್ಲಿ. ಅರಮನೆ, ವಾಟ್ ಫೋ, ವಾಟ್ ಅರುಣ್ (ವಾಟ್ ಎಂದರೆ ಬೌದ್ಧ ದೇವಸ್ಥಾನ), ಹೂವಿನ ಮಾರ್ಕೆಟ್ಟು, ಚೈನಾಟೌನ್ ಎಲ್ಲ ಬೋಟಿನಿಂದ ಇಳಿದು ನಡೆದು ಹೋಗುವಷ್ಟು ದೂರ. ಆದ್ದರಿಂದ ಆ ದಿನದ ಮಟ್ಟಿಗೆ ರಸ್ತೆಯನ್ನೇ ಮರೆತುಬಿಡಿ. ರೈಲಿನಲ್ಲಿ ನದಿಗೆ ಬರುವುದು, ನದಿಯಲ್ಲೇ ತಿರುಗುವುದು, ಮತ್ತೆ ರೈಲಿನಲ್ಲಿ ವಾಪಸ್ಸು.

ಹಿಂದಿನ ರಾತ್ರಿ ಮಾಡಿಕೊಳ್ಳಬೇಕಾದ್ದು ಎರಡೇ ಕೆಲಸ, ದುಡ್ಡು ಮತ್ತು ಬಟ್ಟೆ. ಅಲ್ಲಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲವೂ 220 ಬಾತ್ ಅಥವಾ ಅದಕ್ಕಿಂತ ತುಸು ಹೆಚ್ಚು ಶುಲ್ಕ ಹಾಕುತ್ತವೆ. ಸಾವಿರ ಬಾತ್ ತೆಗೆದರೂ ಅದೇ, ಹತ್ತು ಸಾವಿರ ತೆಗೆದರೂ ಅದೇ. ನಾಲ್ವರೂ ಬೇರೆ ಬೇರೆ ತೆಗೆಯುವ ಬದಲು ಒಬ್ಬರ ಕಾರ್ಡಿನಲ್ಲಿ ಒಮ್ಮೆಗೇ ತೆಗೆದು ಹಂಚಿಕೊಂಡರೆ ಒಂದು ಊಟದ ದುಡ್ಡು ಉಳಿಯುತ್ತದೆ. ‘ರೂಪಾಯಿ ಲೆಕ್ಕದಲ್ಲೇ ಕಡಿತ ಮಾಡಲೇ?’ ಎಂದು ಯಂತ್ರ ಕೇಳಿದರೆ ಬೇಡ ಅನ್ನಿ. ಆ ದರದಲ್ಲಿ ಲಾಭ ಅವರದ್ದು. ನೋಟು ಬದಲಿಸುವವರು ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಬಂದ ಕೂಡಲೇ ಕಾಣುವ ಕೌಂಟರ್‌ಗಳನ್ನು ಬಿಟ್ಟು, ಕೆಳಗೆ ರೈಲು ಹತ್ತುವ ಮಹಡಿಗೆ ಹೋಗಿ. ಅಲ್ಲಿ ದರ ಚೆನ್ನಾಗಿರುತ್ತದೆ. ರೂಪಾಯಿಗಿಂತ ಡಾಲರ್ ಕೊಟ್ಟರೆ ಒಳ್ಳೆಯ ದರ ಸಿಗುತ್ತದೆ.

ಇನ್ನು ಬಟ್ಟೆ. ಅರಮನೆಯ ಬಾಗಿಲಲ್ಲಿ ಚಡ್ಡಿ, ತೋಳಿಲ್ಲದ ಅಂಗಿ, ಹರಿದ ಜೀನ್ಸ್, ಮೈಗಂಟಿದ ಲೆಗ್ಗಿಂಗ್ಸ್ ಯಾವುದನ್ನೂ ಬಿಡುವುದಿಲ್ಲ. ಗುಂಪಿನಲ್ಲಿ ಯಾರಾದರೂ ಒಬ್ಬರು ಚಡ್ಡಿಯಲ್ಲಿ ಬಂದೇ ಬರುತ್ತಾರೆ. ಆಗ ಎದುರಿನ ಅಂಗಡಿಯಲ್ಲಿ ಆನೆ ಚಿತ್ರದ ಪೈಜಾಮ ಕೊಳ್ಳಬೇಕು, ಉಳಿದವರು ಬಿಸಿಲಲ್ಲಿ ಕಾಯಬೇಕು. ತೆಳು ಹತ್ತಿಯ ಪ್ಯಾಂಟು, ಅರ್ಧ ತೋಳಿನ ಅಂಗಿ ಸಾಕು. ಚಪ್ಪಲಿ ಸುಲಭವಾಗಿ ಬಿಚ್ಚುವಂಥದ್ದಿರಲಿ. ದಿನಕ್ಕೆ ಎಷ್ಟು ಸಲ ಬಿಚ್ಚಬೇಕಾಗುತ್ತದೋ ಲೆಕ್ಕವಿಲ್ಲ, ಶೂ ಲೇಸು ಕಟ್ಟಿಕೊಂಡು ಕೂರಲು ಹೊತ್ತಿಲ್ಲ.

ಬೆಳಿಗ್ಗೆ ಏಳೂವರೆಗೆಲ್ಲ ಬಿಟಿಎಸ್ ಎಂಬ ಮೇಲ್ಸೇತುವೆ ರೈಲಿನ ಸಫಾನ್ ಟಾಕ್ಸಿನ್ ಸ್ಟೇಷನ್ನಿಗೆ ಬನ್ನಿ. ತಡವಾಗಿ ಎಂಟಕ್ಕೆ ಬಂದರೆ ಸ್ಪೀಕರ್‌ನಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ, ನಡೆಯುತ್ತಿದ್ದವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ನೀವೂ ನಿಲ್ಲಿ. ಸಂಜೆ ಆರಕ್ಕೂ ಹೀಗೆಯೇ.

ಸ್ಟೇಷನ್ನಿನ ಕೆಳಗೇ ಸಾಥೋನ್ ಜೆಟ್ಟಿ. ಇಲ್ಲಿ ಮೊದಲ ಗೊಂದಲ. ಮೈಕು ಹಿಡಿದು ‘ಟೂರಿಸ್ಟ್ ಬೋಟ್’ ಎಂದು ಕೂಗುವವರ ಬೋಟಿಗೆ ನೀಲಿ ಬಾವುಟ. ದಿನವಿಡೀ ಓಡಾಡುವ ಟಿಕೆಟ್ಟಿಗೆ ಸುಮಾರು 150 ಬಾತ್. ಊರಿನವರು ಓಡಾಡುವುದು ಕಿತ್ತಳೆ ಬಾವುಟದ ಬೋಟಿನಲ್ಲಿ, ಎಲ್ಲಿಂದ ಎಲ್ಲಿಗೆ ಹೋದರೂ ಸುಮಾರು 16 ಬಾತ್. ಎರಡೂ ಹೋಗುವುದು ಒಂದೇ ನದಿಯಲ್ಲಿ, ನಿಲ್ಲುವುದೂ ಹೆಚ್ಚುಕಮ್ಮಿ ಅವೇ ಜೆಟ್ಟಿಗಳಲ್ಲಿ. ದಿನಕ್ಕೆ ಮೂರು ನಾಲ್ಕು ಸಲ ಹತ್ತಿ ಇಳಿಯುವವರಿಗೆ ಕಿತ್ತಳೆಯೇ ಸಾಕು. ನೀಲಿಯಲ್ಲಿ ಕೂರಲು ಜಾಗ ಸಿಗುತ್ತದೆ, ಇಂಗ್ಲಿಷಿನಲ್ಲಿ ಜೆಟ್ಟಿಯ ಹೆಸರು ಹೇಳುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಅದಕ್ಕೆ ಕೊಡುವ ದುಡ್ಡು ದಂಡವಲ್ಲ.

ಕಿತ್ತಳೆ ಬೋಟು ಹತ್ತುವುದಕ್ಕೆ ಒಂದು ಕ್ರಮವಿದೆ. ಬೋಟು ಪೂರ್ತಿ ನಿಲ್ಲುವುದೇ ಇಲ್ಲ. ಹಿಂಬದಿಯ ಹುಡುಗ ಸೀಟಿ ಊದುತ್ತಾನೆ. ಆ ಸೀಟಿಯ ಲೆಕ್ಕದಲ್ಲೇ ಮುಂದಿರುವ ಚಾಲಕ ಬೋಟನ್ನು ಹಿಂದೆ ಮುಂದೆ ಸರಿಸಿ ಜೆಟ್ಟಿಗೆ ತಾಗಿಸುತ್ತಾನೆ, ಹಗ್ಗ ಒಂದು ಸುತ್ತು ಬೀಳುತ್ತದೆ, ಇಳಿಯುವವರು ಇಳಿದು ಹತ್ತುವವರು ಹತ್ತುವಷ್ಟರಲ್ಲಿ ಮತ್ತೆ ಸೀಟಿ. ಇಡೀ ಕೆಲಸ ಅರೆ ನಿಮಿಷ. ಹತ್ತಿದವರು ಬಾಗಿಲಲ್ಲೇ ನಿಂತು ಫೋಟೊ ತೆಗೆಯುತ್ತಿದ್ದರೆ ಕೊನೆಯ ಗೆಳೆಯ ದಡದಲ್ಲೇ ಉಳಿಯುತ್ತಾನೆ, ಆದ್ದರಿಂದ ಹತ್ತಿದ ಕೂಡಲೇ ಒಳಕ್ಕೆ ಸರಿಯಿರಿ. ಆಮೇಲೆ ಕಂಡಕ್ಟರ್ ಬರುತ್ತಾರೆ, ಕೈಯಲ್ಲಿ ಉದ್ದನೆಯ ಲೋಹದ ಕೊಳವೆ. ಅದರೊಳಗೆ ಒಂದು ಕಡೆ ಚಿಲ್ಲರೆ, ಒಂದು ಕಡೆ ಟಿಕೆಟ್ಟಿನ ಸುರುಳಿ. ಮುಚ್ಚಳವನ್ನು ಚಟಚಟ ಬಡಿಯುತ್ತ ಜನರ ನಡುವೆ ತೂರಿ ಬರುವ ಆ ಶಬ್ದ ಕೇಳಿದರೆ ಚಿಲ್ಲರೆ ತೆಗೆದಿಟ್ಟುಕೊಳ್ಳಿ. ಸಾವಿರದ ನೋಟು ಚಾಚಿದರೆ ಬಾಯಲ್ಲಿ ಏನೂ ಅನ್ನಲಾರರು, ಮುಖದಲ್ಲಿ ಅನ್ನುತ್ತಾರೆ.

ಇಳಿಯಬೇಕಾದ್ದು ಥಾ ಚಾಂಗ್, ಜೆಟ್ಟಿಯ ಸಂಖ್ಯೆ ಎನ್9. ಅಲ್ಲಿಂದ ಅರಮನೆಯ ಬಾಗಿಲಿಗೆ ಐದಾರು ನಿಮಿಷದ ನಡಿಗೆ. ಈ ಚಿಕ್ಕ ದಾರಿಯಲ್ಲೇ ಬ್ಯಾಂಕಾಕಿನ ಅತಿ ಹಳೆಯ ಮೋಸ ನಡೆಯುವುದು. ಇಸ್ತ್ರಿ ಅಂಗಿ ತೊಟ್ಟ ಸಭ್ಯ ಮನುಷ್ಯರೊಬ್ಬರು ನಗುನಗುತ್ತ ಎದುರಾಗಿ, ‘ಇವತ್ತು ಅರಮನೆ ಮಧ್ಯಾಹ್ನದವರೆಗೆ ಮುಚ್ಚಿದೆ, ವಿಶೇಷ ಪೂಜೆ. ಅಷ್ಟರಲ್ಲಿ ಬೇರೆ ದೇವಸ್ಥಾನ ನೋಡಿ, ಟುಕ್‌ಟುಕ್‌ಗೆ ಬರೀ 20 ಬಾತ್’ ಅನ್ನುತ್ತಾರೆ. ಆ ಟುಕ್‌ಟುಕ್ ದೇವಸ್ಥಾನದ ಜೊತೆಗೆ ಒಂದು ಹರಳಿನ ಅಂಗಡಿಗೂ ಒಂದು ಟೈಲರ್ ಅಂಗಡಿಗೂ ಹೋಗುತ್ತದೆ. ಗಿರಾಕಿ ತಂದಿದ್ದಕ್ಕೆ ಚಾಲಕನಿಗೆ ಇಂಧನದ ಕೂಪನ್ನೋ ಕಮಿಷನ್ನೋ ಸಿಗುತ್ತದೆ, 20 ಬಾತಿನ ಗುಟ್ಟು ಅದು. ವಾದ ಮಾಡಬೇಡಿ, ನಕ್ಕು ಮುಂದೆ ನಡೆಯಿರಿ. ಅರಮನೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಟಿಕೆಟ್ ಕೌಂಟರಿನವರು ಹೇಳಿದರೆ ಮಾತ್ರ ನಂಬಿ.

ಟಿಕೆಟ್ 500 ಬಾತ್, ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ. ಎಂಟೂವರೆಗೇ ಒಳಗಿದ್ದರೆ ಟೂರ್ ಬಸ್ಸುಗಳ ನೂಕುನುಗ್ಗಲು ತಪ್ಪುತ್ತದೆ. ಎಲ್ಲರೂ ನೇರ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ಮೂರ್ತಿ 66 ಸೆಂಟಿಮೀಟರ್ ಎತ್ತರ ಅಷ್ಟೇ, ಎತ್ತರದ ಪೀಠದ ಮೇಲೆ. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಒಂದೊಂದು ಚಿನ್ನದ ಉಡುಪು, ಬದಲಿಸುವವರು ರಾಜರು. ಒಳಗೆ ಫೋಟೊ ತೆಗೆಯುವಂತಿಲ್ಲ, ಪಾದಗಳನ್ನು ಮೂರ್ತಿಯ ಕಡೆ ಚಾಚುವಂತಿಲ್ಲ.

ನನ್ನನ್ನು ಕೇಳಿದರೆ ಅಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ್ದು ಗುಡಿಯನ್ನು ಸುತ್ತುವರಿದ ಪ್ರಾಕಾರದಲ್ಲಿ. 178 ಭಿತ್ತಿಚಿತ್ರಗಳಲ್ಲಿ ಅವರ ರಾಮಾಯಣ, ರಾಮಕಿಯೆನ್, ಪೂರ್ತಿ ಬರೆದಿದೆ. ಕಥೆ ಉತ್ತರದ ಗೋಡೆಯ ನಡುವೆ ಶುರು: ನೆಲ ಉಳುವಾಗ ಜನಕನಿಗೆ ಸೀತೆ ಸಿಗುವ ದೃಶ್ಯ. ಅಲ್ಲಿಂದ ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯಬೇಕು. ನಮ್ಮವರಿಗೆ ಗೈಡ್ ಬೇಕಿಲ್ಲ, ಹತ್ತು ತಲೆಯ ಹಸಿರು ಮೈಯವನು ರಾವಣ, ಬಿಳಿ ಕೋತಿ ಹನುಮಂತ ಎಂದು ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಅಲ್ಲಲ್ಲಿ ಮುಗ್ಗರಿಸುತ್ತೀರಿ. ಇಲ್ಲಿ ಸೀತೆ ರಾವಣನ ಮಗಳು (ನಮ್ಮ ಜನಪದ ರಾಮಾಯಣಗಳಲ್ಲೂ ಹಾಗೆ ಬರುವುದುಂಟು). ಹನುಮಂತ ಬ್ರಹ್ಮಚಾರಿಯಲ್ಲ, ಭಾರಿ ರಸಿಕ. ಒಂದು ಚಿತ್ರದಲ್ಲಿ ಅವನು ಬೆಟ್ಟದಷ್ಟು ಬೆಳೆದು, ರಾಮನಿರುವ ಮಂಟಪವನ್ನೇ ಬಾಯೊಳಗಿಟ್ಟು ಕಾಯುತ್ತಿದ್ದಾನೆ. ಪ್ರಾಕಾರಕ್ಕೆ ಮಾಡು ಇದೆ, ನೆರಳಿದೆ, ಜನ ಕಡಿಮೆ. ವಾರದ ದಿನವಾದರೆ ಇದೇ ಟಿಕೆಟ್ಟಿನಲ್ಲಿ ಸಾಲಾ ಚಲೇರ್ಮ್‌ಕ್ರುಂಗ್ ರಂಗಮಂದಿರದ ಖೋನ್ ಪ್ರದರ್ಶನವನ್ನೂ ನೋಡಬಹುದು. ಮುಖವಾಡ ಹಾಕಿದ ಪಾತ್ರಧಾರಿಗಳು ಮಾತಾಡುವುದಿಲ್ಲ, ಕಥೆ ಹೇಳುವುದೆಲ್ಲ ಹಿಮ್ಮೇಳದವರು. ಯಕ್ಷಗಾನ ನೋಡಿ ಬೆಳೆದವರಿಗೆ ವೇಷ ಹತ್ತಿರವೆನಿಸಿ, ಅರ್ಥಗಾರಿಕೆಯಿಲ್ಲದ್ದು ವಿಚಿತ್ರವೆನಿಸುತ್ತದೆ.

ಗುಂಪಿನಲ್ಲಿ ಒಬ್ಬಿಬ್ಬರಿಗೆ 500 ಬಾತ್ ದುಬಾರಿ ಅನಿಸಿದರೆ ಎಳೆದುಕೊಂಡು ಹೋಗಬೇಡಿ. ಅವರು ನೇರ ವಾಟ್ ಫೋಗೆ ಹೋಗಲಿ, ಹನ್ನೊಂದಕ್ಕೆ ಮಲಗಿದ ಬುದ್ಧನ ಪಾದದ ಹತ್ತಿರ ಸೇರೋಣ ಎಂದು ಹೇಳಿ. ‘ಬಾಗಿಲ ಹತ್ತಿರ’ ಎಂದರೆ ಕೆಟ್ಟಿರಿ, ಅಲ್ಲಿ ಬಾಗಿಲು ಒಂದಲ್ಲ.

ವಾಟ್ ಫೋ ಟಿಕೆಟ್ 300 ಬಾತ್. 46 ಮೀಟರ್ ಉದ್ದದ ಬುದ್ಧ, ಅಂಗಾಲುಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬಿಡಿಸಿದ 108 ಶುಭಚಿಹ್ನೆಗಳು. ಹಿಂಬದಿಯಲ್ಲಿ 108 ಕಂಚಿನ ಬಟ್ಟಲು. ಒಂದಿಷ್ಟು ಪುಡಿ ನಾಣ್ಯ ಕೊಂಡು ಒಂದೊಂದರಲ್ಲಿ ಒಂದೊಂದು ಹಾಕುತ್ತ ಹೋಗುವುದು ವಾಡಿಕೆ. ಥಾಯ್ ಮಸಾಜಿನ ಹಳೆಯ ಪಾಠಶಾಲೆ ಇದೇ ಆವರಣದಲ್ಲಿದೆ. ಮಧ್ಯಾಹ್ನದ ಬಿಸಿಲು ಕಳೆಯಲು ಅರ್ಧ ಗಂಟೆಯ ಕಾಲಿನ ಮಸಾಜು ಒಳ್ಳೆಯ ಉಪಾಯ. ಹೋದ ಕೂಡಲೇ ಹೆಸರು ಬರೆಸಿ ಆಮೇಲೆ ಬುದ್ಧನನ್ನು ನೋಡಿ, ಇಲ್ಲವಾದರೆ ಕಾಯಬೇಕು.

ಸಸ್ಯಾಹಾರಿಗಳ ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ‘ವೆಜ್’ ಎಂದರೆ ಅಲ್ಲಿಯವರು ತಟ್ಟೆಯಿಂದ ಮಾಂಸದ ತುಂಡು ತೆಗೆದುಬಿಡುತ್ತಾರೆ, ರುಚಿಗೆ ಹಾಕುವ ಮೀನಿನ ಸಾಸ್ ಇದ್ದೇ ಇರುತ್ತದೆ. ಅದರ ಹೆಸರು ‘ನಾಮ್ ಪ್ಲಾ’. ನಮ್ಮಲ್ಲಿ ಉಪ್ಪು ಹಾಕುವ ಕಡೆಯಲ್ಲೆಲ್ಲ ಅವರಲ್ಲಿ ಅದು. ಪಪ್ಪಾಯಿ ಸಲಾಡಿನಲ್ಲಿ ಒಣ ಸಿಗಡಿ, ಪ್ಯಾಡ್ ಥಾಯ್‌ನಲ್ಲಿ ಸಿಗಡಿಯ ಜೊತೆ ಮೊಟ್ಟೆ, ಕರಿ ಪೇಸ್ಟಿನಲ್ಲಿ ಅರೆದ ಸಿಗಡಿ. ಆದ್ದರಿಂದ ಕೇಳಬೇಕಾದ್ದು ‘ಜೇ’. ಚೀನೀ ಬೌದ್ಧರ ಈ ಪದ್ಧತಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಗುರುತು ಸುಲಭ: ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ, ಥಾಯ್ ಬಾರದವರ ಕಣ್ಣಿಗೆ ಅದು 17 ಎಂದು ಬರೆದಂತೆ ಕಾಣುತ್ತದೆ. ಬೀದಿಯ ಗಾಡಿಯ ಮೇಲೂ ಸೆವೆನ್ ಇಲೆವೆನ್ ಅಂಗಡಿಯ ಪ್ಯಾಕೆಟ್ಟುಗಳ ಮೇಲೂ ಇದನ್ನೇ ಹುಡುಕಿ. ಜೇ ಗಾಡಿ ಸಿಗದಿದ್ದರೆ ‘ಮಾಯ್ ಸಾಯ್ ನಾಮ್ ಪ್ಲಾ’, ಅಂದರೆ ಮೀನಿನ ಸಾಸ್ ಹಾಕಬೇಡಿ, ‘ಮಾಯ್ ಸಾಯ್ ಖಾಯ್’, ಮೊಟ್ಟೆ ಬೇಡ. ಬಾಣಲೆ, ಸೌಟು ಅವೇ ಇರುತ್ತವೆ. ಮಡಿ ಜಾಸ್ತಿಯಿದ್ದವರು ಮಾವಿನ ಹಣ್ಣು, ತೆಂಗಿನ ಹಾಲು ಹಾಕಿದ ಅಂಟಕ್ಕಿ ಅನ್ನ ತಿನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಅದರ ಮುಂದೆ ಬೇರೇನೂ ಬೇಡ. ಊಟವೇ ಬೇಕು ಎನ್ನುವವರಿಗೆ ಫಾಹುರತ್ ಬೀದಿ ಇದೆ: ಬಟ್ಟೆ ಅಂಗಡಿಗಳು, ಚಿನ್ನದ ಗುಮ್ಮಟದ ಗುರುದ್ವಾರ, ಸುತ್ತ ಪಂಜಾಬಿ ಸಸ್ಯಾಹಾರಿ ಹೋಟೆಲುಗಳು. ವಾಟ್ ಫೋದಿಂದ ಅಲ್ಲಿಗೆ ಹೋಗುವ ದಾರಿಯಲ್ಲೇ ಪಾಕ್ ಖ್ಲೋಂಗ್ ಹೂವಿನ ಮಾರ್ಕೆಟ್ಟು. ಚೆಂಡುಹೂವಿನ ರಾಶಿ ನಮ್ಮ ಕೆ.ಆರ್. ಮಾರ್ಕೆಟ್ಟಿನಂತೆಯೇ, ಮಲ್ಲಿಗೆ ಮೊಗ್ಗಿನಲ್ಲಿ ಅವರು ಕಟ್ಟುವ ಪುಟ್ಟ ಹಾರಗಳ ಕೈಚಳಕವೇ ಬೇರೆ.

ಮೂರೂವರೆಗೆ ವಾಪಸ್ ಥಾ ಟಿಯೆನ್ ಜೆಟ್ಟಿಗೆ ಬಂದು, ಸುಮಾರು 5 ಬಾತ್ ಕೊಟ್ಟು ಅಡ್ಡದೋಣಿಯಲ್ಲಿ ಆಚೆ ದಡದ ವಾಟ್ ಅರುಣ್‌ಗೆ ಹೋಗಿ. ಟಿಕೆಟ್ 200 ಬಾತ್. ಗೋಪುರದ ತುಂಬ ಚೀನೀ ಪಿಂಗಾಣಿಯ ಚೂರುಗಳನ್ನು ಹೂವಿನಾಕಾರದಲ್ಲಿ ಕೂರಿಸಿದ್ದಾರೆ. ಇದನ್ನು ದೂರದಿಂದ ನೋಡಿ ಬಿಡುವುದು ತಪ್ಪು, ಅಂಗೈ ಅಳತೆಯ ಹತ್ತಿರದಿಂದ ನೋಡಿದರೇ ಅದು ತಟ್ಟೆ, ಇದು ಬಟ್ಟಲು ಎಂದು ತಿಳಿಯುತ್ತದೆ. ಮೆಟ್ಟಿಲು ಬಹಳ ಕಡಿದು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದರೆ ಅವಮಾನವೇನಿಲ್ಲ. ಸೂರ್ಯಾಸ್ತಕ್ಕೆ ಮಾತ್ರ ಅಲ್ಲೇ ಉಳಿಯಬೇಡಿ. ಸೂರ್ಯ ಮುಳುಗುವುದು ವಾಟ್ ಅರುಣ್‌ನ ಬೆನ್ನಿಗೆ, ಹಾಗಾಗಿ ಫೋಟೊ ಬೇಕಾದವರು ಐದೂವರೆಯೊಳಗೆ ದೋಣಿಯಲ್ಲಿ ಈಚೆ ದಡಕ್ಕೆ ಬಂದಿರಬೇಕು. ಮೇನಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನದ ಮೇಲೆ ಧೋ ಎಂದು ಮಳೆ ಬರುವುದು ಸಾಮಾನ್ಯ. ಆ ತಿಂಗಳುಗಳಲ್ಲಿ ಮೊದಲು ವಾಟ್ ಅರುಣ್, ಆಮೇಲೆ ಮಾಡಿನಡಿಯ ವಾಟ್ ಫೋ ಎಂದು ಕ್ರಮ ತಿರುಗಿಸಿ.

ಕತ್ತಲಾದ ಮೇಲೆ ಕಿತ್ತಳೆ ಬೋಟನ್ನು ನಂಬಬೇಡಿ, ಸಂಜೆಗೇ ಮುಗಿಯುತ್ತದೆ. ಸನಾಮ್ ಚಾಯ್ ಸ್ಟೇಷನ್ನಿನಿಂದ ಎಂಆರ್‌ಟಿ, ಅಂದರೆ ನೆಲದಡಿಯ ಮೆಟ್ರೊ, ಹತ್ತಿದರೆ ಎರಡನೇ ಸ್ಟೇಷನ್ ವಾಟ್ ಮಂಕೋನ್, ಮೇಲೆ ಬಂದರೆ ಚೈನಾಟೌನ್. ಎಂಆರ್‌ಟಿ ಗೇಟಿಗೆ ವೀಸಾ, ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಟೋಕನ್ ಬೇಡ. ಆದರೆ ಒಬ್ಬರಿಗೆ ಒಂದು ಕಾರ್ಡು, ಮತ್ತು ಊರಲ್ಲಿರುವಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿರಬೇಕು. ಬಿಟಿಎಸ್ ಬೇರೆ ಕಂಪನಿ, ಬೇರೆ ಟಿಕೆಟ್ಟು. ಚೈನಾಟೌನಿನ ಯಾವೊರಾತ್ ರಸ್ತೆಯ ತಿಂಡಿ ಗಾಡಿಗಳು ಹೊತ್ತು ಮುಳುಗಿದ ಮೇಲೆ ತುಂಬುತ್ತವೆ. ಸೋಮವಾರ ಗಾಡಿಗಳು ಕಡಿಮೆ.

ರಾತ್ರಿ ಟ್ಯಾಕ್ಸಿಯೇ ಗತಿ ಎಂದಾದರೆ ಹತ್ತುವ ಮುಂಚೆ ‘ಮೀಟರ್’ ಅನ್ನಿ, ಸಣ್ಣ ಕಾರಿನಲ್ಲಿ 35 ಬಾತ್‌ನಿಂದ ಶುರುವಾಗಬೇಕು. ಒಪ್ಪದಿದ್ದರೆ ಬಾಗಿಲು ಹಾಕಿ ಮುಂದಿನದ್ದಕ್ಕೆ ಕೈ ಮಾಡಿ, ಅಥವಾ ಗ್ರ್ಯಾಬ್, ಬೋಲ್ಟ್ ಟ್ಯಾಕ್ಸಿ ಆ್ಯಪ್ ನೋಡಿ. ಒಂದು ಕಾರಿಗೆ ನಾಲ್ಕೇ ಜನ, ಐದನೆಯವರಿಗೆ ದೊಡ್ಡ ಗಾಡಿ ಬೇಕು. ಅದೇ ರಾತ್ರಿ ವಿಮಾನವಿದ್ದರೆ ಟಿಕೆಟ್ಟಿನಲ್ಲಿ ಸುವರ್ಣಭೂಮಿಯೋ ಡಾನ್ ಮುವಾಂಗೋ ಎಂದು ಇನ್ನೊಮ್ಮೆ ನೋಡಿ. ಎರಡೂ ಊರಿನ ಎರಡು ದಿಕ್ಕಿನಲ್ಲಿವೆ. ಸುವರ್ಣಭೂಮಿಯಾದರೆ ಫಾಯಾ ಥಾಯ್ ಸ್ಟೇಷನ್ನಿನಿಂದ ರೈಲಿದೆ, 45 ಬಾತ್, ಅರ್ಧ ಗಂಟೆಯೊಳಗೆ, ಹೆಚ್ಚುಕಮ್ಮಿ ಮಧ್ಯರಾತ್ರಿವರೆಗೆ.