ಕಾರ್ಬೊರೇಟರ್‌ಗೂ ಮೊದಲು ಟ್ಯಾಂಕಿ
ಭೀಮಾ ದಂಡ್ಯಾಗ ಬೇಸಿಗಿ ಪೂರಾ ನಿಂತ ಬೋಟು ಚಾಲೂ ಆಗ್ತದ, ವೇಗ ಏರಿಸಿದ್ರ ಕೆಮ್ಮಿ ಬಂದ್ ಬೀಳ್ತದ. ಎಲ್ಲರ ಕೈ ಮೊದಲು ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್‌ಗೇ ಹೋಗ್ತದ, ಯಾಕೋ ಏನೋ. ಟ್ಯಾಂಕಿ ತಳದ ಪೆಟ್ರೋಲ್ ಗಾಜಿನ ಬಾಟ್ಲಿಗೆ ತೆಗೆದು ಸ್ವಲ್ಪ ಹೊತ್ತು ಇಡ್ರಿ. ಈಗಿನ ಪೆಟ್ರೋಲಿನ್ಯಾಗ ಶೇ. 20ರವರೆಗೆ ಎಥನಾಲ್ ಇರ್ತದ. ತೇವ ಹೀರಿ, ನೀರಿನ ಜೊತೆ ತಳದಾಗ ಬೇರೆ ಪದರಾಗಿ ಕೂಡ್ತದ. ಪದರ ಕಂಡ್ರ ಪೂರಾ ತೆಗೀರಿ. ಮ್ಯಾಲಿಂದು ಸೋಸಿ ಹಾಕೋ ಜಿಪುಣತನ ಬ್ಯಾಡ.

ಆಮ್ಯಾಲೆ ಟ್ಯಾಂಕಿಯಿಂದ ಇಂಜಿನ್‌ಗೆ ಹೋಗೋ ಪೆಟ್ರೋಲ್ ಪೈಪ್ ಬಗ್ಗಿಸಿ ನೋಡ್ರಿ. ಬಿರುಕು, ಅಂಟು ಇದ್ರ ಎಥನಾಲ್ ತಡೆಯೋ ಹೊಸಾದು ಹಾಕ್ರಿ. ಇಂಜಿನ್ ಪೆಟ್ರೋಲ್ ಎಳೆಯೋ ಕಡೆ ಪೈಪ್ ಸೀಳಿದ್ರ ಪೆಟ್ರೋಲ್ ಹನಿಯಂಗಿಲ್ಲ, ಗಾಳಿ ಒಳಗ ಹೋಗ್ತದ. ಅದಕ್ಕೇ ಕಣ್ಣಿಗೆ ಬೀಳಂಗಿಲ್ಲ. ಪೈಪಿನ ನಡುವಿನ ರಬ್ಬರ್ ಕೈಪಂಪಿನ ಮ್ಯಾಲಿನ ಬಾಣದ ಗುರುತು ಇಂಜಿನ್ ಕಡೆ ಇರ್ಲಿ. ಟ್ಯಾಂಕಿ ಮುಚ್ಚಳದಾಗ ಗಾಳಿ ಒಳಗ ಬಿಡೋ ಸ್ಕ್ರೂ ಸಡಿಲ ಮಾಡದೇ ಓಡಿಸಿದ್ರ ಹೊಸಾ ಪೈಪಿದ್ರೂ ಇಂಜಿನ್ ನಿಲ್ತದ.