‘ಎಷ್ಟು ದೂರ ಎಳೆಯುತ್ತದೆ?’ ಎಂದು ಕೇಳುವವರಿಗೆ

ಉಡುಪಿಯ ಕ್ಯಾಮೆರಾ ಅಂಗಡಿಯೊಂದರಲ್ಲಿ ಕೌಂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಲೆನ್ಸ್ ಕೊಳ್ಳುವುದು, ಪರೀಕ್ಷಿಸುವುದು, ಮಾರುವುದು ಕೂಡ ನನ್ನದೇ ಪಾಲು. ಮಳೆ ಹಿಂದೆ ಸರಿದು ನವರಾತ್ರಿ ಕಳೆಯಿತೆಂದರೆ ಹಕ್ಕಿಯ ಚಿತ್ರ ತೆಗೆಯುವ ಹುರುಪಿನವರು ಅಂಗಡಿಗೆ ಬರತೊಡಗುತ್ತಾರೆ. ಅವರ ಮೊದಲ ಪ್ರಶ್ನೆ ಬಹುತೇಕ ಒಂದೇ: “ಇದು ಎಷ್ಟು ದೂರ ಎಳೆಯುತ್ತದೆ?” ದೂರದ ಹಕ್ಕಿಯನ್ನು ಲೆನ್ಸ್ ಎಷ್ಟು ಹತ್ತಿರ ತೋರಿಸುತ್ತದೆ ಎಂದು ಅರ್ಥ. ಅದಕ್ಕೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. “ಬಾಡಿ ಯಾವುದು ಸಾರ್? ಹಕ್ಕಿ ಎಲ್ಲಿಯದು?” ಎಂದು ತಿರುಗಿ ಕೇಳುತ್ತೇನೆ. ಬಾಡಿ ಎಂದರೆ ಲೆನ್ಸ್ ಸಿಕ್ಕಿಸುವ ಕ್ಯಾಮೆರಾ. ಕೈಯಲ್ಲಿರುವ ಹಣ ಕಡಿಮೆಯಿದ್ದಷ್ಟೂ ಈ ಎರಡು ಪ್ರಶ್ನೆಗಳ ತೂಕ ಹೆಚ್ಚು.

ಬಾಡಿಯ ವಿಷಯದಲ್ಲಿ ಹೆಚ್ಚು ಎಡವುವವರು ನಿಕಾನ್ ಇರುವವರು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ತನ್ನಲ್ಲೂ ಮೋಟಾರ್ ಇಲ್ಲದ ಹಳೆಯ ಎ.ಎಫ್. 70-300 ಜಿ ಲೆನ್ಸ್ (70ರಿಂದ 300 ಎಂ.ಎಂ.ವರೆಗಿನ ಝೂಮ್; ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು) ಅಗ್ಗವೆಂದು ಕೊಂಡರೆ ಅದು ಕ್ಯಾಮೆರಾಕ್ಕೆ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆಗೆ ಅದು ಸಾಕು. ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡಕ್ಕೆ ಸಾಲದು. ಇದರ ತಿರುವುಮುರುವೂ ಉಂಟು. ಹೊಸ ಎ.ಎಫ್.-ಪಿ 70-300 ಲೆನ್ಸನ್ನು ಡಿ80, ಡಿ90ರಂತಹ ಹಳೆಯ ಕ್ಯಾಮೆರಾಕ್ಕೆ ಹಾಕಿದರೆ ಅದು ಫೋಕಸನ್ನೇ ಮಾಡದು. ಅದರ ಫೋಕಸ್ ರಿಂಗ್ ಕೂಡ ವಿದ್ಯುತ್ತಿನ ಮೂಲಕವೇ ಕೆಲಸ ಮಾಡುವುದರಿಂದ ಕೈಯಿಂದ ತಿರುಗಿಸಿಯೂ ಪ್ರಯೋಜನವಿಲ್ಲ. ಅದೇ ಲೆನ್ಸಿನಲ್ಲಿ ವಿ.ಆರ್. (ಕೈನಡುಕ ತಡೆಯುವ ವ್ಯವಸ್ಥೆ) ಇರುವುದು, ಇಲ್ಲದ್ದು ಎಂದು ಎರಡು ಬಗೆ. ನೋಟಕ್ಕೆ ಅವಳಿ ಮಕ್ಕಳು. ಮೈಮೇಲೆ ಸ್ವಿಚ್ ಇಲ್ಲದ ಕಾರಣ ಹೆಸರಿನ ಸಾಲನ್ನು ಓದಿಯೇ ಗುರುತಿಸಬೇಕು. ಹಕ್ಕಿಗೆಂದು ಕೊಳ್ಳುವವರಿಗೆ ವಿ.ಆರ್. ಇಲ್ಲದ್ದನ್ನು ನಾನು ಕೊಡುವುದಿಲ್ಲ.

ಕ್ಯಾನನ್‌ನವರ ಪಾಡು ಸುಲಭ. ಆರಂಭಿಕರ ಡಿಎಸ್ಎಲ್ಆರ್ ಇದ್ದರೆ 55-250 ಐ.ಎಸ್. ಎಸ್‌ಟಿಎಂ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಐ.ಎಸ್. ಎಂದರೆ ಕ್ಯಾನನ್‌ನ ವಿ.ಆರ್., ಎಸ್‌ಟಿಎಂ ಎಂದರೆ ಹೆಚ್ಚು ಸದ್ದಿಲ್ಲದ ಫೋಕಸ್ ಮೋಟಾರ್. 2013ರಲ್ಲಿ ಬಂದ ಲೆನ್ಸ್, ತೂಕ ಬರೀ 375 ಗ್ರಾಂ. ಕೊನೆಯಲ್ಲಿ ‘ಎಸ್‌ಟಿಎಂ’ ಇಲ್ಲದ ಹಳೆಯ ಬಗೆಯವು ಇನ್ನೂ ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳ ಫೋಕಸ್ ಗುರ್ರೆನ್ನುತ್ತ ನಿಧಾನವಾಗಿ ಸಾಗುತ್ತದೆ.

ಇನ್ನು ಹಕ್ಕಿ ಎಲ್ಲಿಯದು ಎಂಬುದು. ಇಲ್ಲಿ ನಾನು ಬಿಲ್ ಪುಸ್ತಕದ ಹಿಂದೆಯೇ ಲೆಕ್ಕ ಬರೆದು ತೋರಿಸುತ್ತೇನೆ. ಕಲ್ಯಾಣಪುರದ ಗದ್ದೆ ಬದಿಯ ತಂತಿಯ ಮೇಲೆ ಕೂರುವ ಬಿಳಿಗಂಟಲ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂ.ಮೀ. ಅದು 10 ಮೀಟರ್ ದೂರದಲ್ಲಿದ್ದರೆ 300 ಎಂ.ಎಂ. ಲೆನ್ಸ್ ಸೆನ್ಸರಿನ ಮೇಲೆ ಎಂಟು ಮಿ.ಮೀ.ಗಿಂತ ತುಸು ದೊಡ್ಡ ಬಿಂಬ ಮೂಡಿಸುತ್ತದೆ. ಈ ಕ್ಯಾಮೆರಾಗಳ ಸೆನ್ಸರಿನ ಎತ್ತರ 15-16 ಮಿ.ಮೀ. ಅಂದರೆ ಚಿತ್ರದ ಅರ್ಧ ಎತ್ತರವನ್ನು ಹಕ್ಕಿ ತುಂಬಿತು. 20 ಮೀಟರಿಗೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಆಗ 600 ಎಂ.ಎಂ. ಬೇಕು, ಇಲ್ಲವೇ 10 ಮೀಟರ್ ಹತ್ತಿರ ಹೋಗಬೇಕು. ಎರಡನೆಯದಕ್ಕೆ ಹಣ ಬೇಡ. ದಿನವಿಡೀ ಬಸ್ಸು, ಬೈಕು ನೋಡುವ ರಸ್ತೆ ಬದಿಯ ಹಕ್ಕಿ ನಿಂತ ಕಾರಿಗೆ ಅಷ್ಟಾಗಿ ಹೆದರುವುದಿಲ್ಲ. ಗಾಜು ಇಳಿಸಿ, ಎಂಜಿನ್ ನಿಲ್ಲಿಸಿ ಕಾದರೆ ಕೆಲಸ ಆಗುತ್ತದೆ. ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿ ಹತ್ತೇ ಸೆಂ.ಮೀ. ಉದ್ದದ್ದು. ಅದಕ್ಕೆ ನಾಲ್ಕು ಮೀಟರಿನಷ್ಟು ಹತ್ತಿರ ಇರಬೇಕು, ಮನೆಯ ಕಿಟಕಿಯೇ ಮರೆ.

ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಮರಳದಿಬ್ಬದ ಗೊರವಗಳು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅಲ್ಲಿಗೆ 300 ಸಾಲದು. ಇದನ್ನು ಗಿರಾಕಿಯಿಂದ ಮುಚ್ಚಿಡುವುದಿಲ್ಲ. ಕುಂದಾಪುರದ ಕಡೆಯ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಇದೇ ಕಾರಣಕ್ಕೆ 150-600 ಬೇಕೆಂದು ಬಂದರು. ಸಿಗ್ಮಾದ ಹಗುರವಾದ ಬಗೆಯೇ ಎರಡು ಕಿಲೋ ಹತ್ತಿರ ತೂಗುತ್ತದೆ. ಕೈಗೆ ಕೊಟ್ಟೆ. ರಸ್ತೆಯಾಚೆಯ ತೆಂಗಿನ ಗರಿಯ ಮೇಲಿದ್ದ ಕಾಗೆಯತ್ತ ಹಿಡಿದವರು ಒಂದು ನಿಮಿಷದೊಳಗೆ ಮೊಣಕೈಯನ್ನು ಕೌಂಟರಿಗೆ ಊರಿ, “ಮಾರಾಯರೇ, ಇದನ್ನು ಹಿಡಿಯಲು ಇನ್ನೊಬ್ಬ ಬೇಕಲ್ಲ!” ಎಂದರು. ಬೆಳಿಗ್ಗೆ ಹತ್ತು ದಾಟಿದ ಮೇಲೆ ಮರಳು, ನೀರಿನ ಮೇಲೆ ಏಳುವ ಬಿಸಿಲ ಝಳದಲ್ಲಿ ದೂರದ ಹಕ್ಕಿ ನಡುಗಿದಂತೆ ಬರುತ್ತದೆ, ಅದನ್ನು ಯಾವ ಲೆನ್ಸೂ ತಿದ್ದಲಾರದು ಎಂದೂ ಹೇಳಿದೆ. ಅವರಿಗೆ ಬೇಕಿದ್ದದ್ದು ಬಂದ ಹಕ್ಕಿ ಯಾವುದೆಂದು ಗುರುತಿಸುವಷ್ಟು ಚಿತ್ರ. 83 ಪಟ್ಟು ಝೂಮ್ ಇರುವ, ಲೆನ್ಸ್ ಮೈಗೇ ಅಂಟಿಕೊಂಡ ನಿಕಾನ್ ಪಿ900 ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಒಂದು ನಮ್ಮಲ್ಲಿತ್ತು, ಅದನ್ನೇ ಒಯ್ದರು. ಸೆನ್ಸರ್ ಸಣ್ಣದು, ಮೋಡದ ದಿನ ಚಿತ್ರ ಕಾಳುಕಾಳಾಗುತ್ತದೆ ಎಂದು ಮೊದಲೇ ಹೇಳಿಯೇ ಕೊಟ್ಟೆ.

ಲೆನ್ಸ್ ಮತ್ತು ಬಾಡಿಯ ನಡುವೆ ಸಿಕ್ಕಿಸಿ ಎಳೆತ ಹೆಚ್ಚಿಸುವ ಟೆಲಿಕನ್ವರ್ಟರ್ ಕೇಳುವವರಿಗೆ ಒಂದೇ ಮಾತು: ಎಫ್ 5.6ರ ಲೆನ್ಸಿಗೆ ಎರಡು ಪಟ್ಟಿನದನ್ನು ಸಿಕ್ಕಿಸಿದರೆ ಅದು ಎಫ್ 11 ಆಗುತ್ತದೆ, ಅಂದರೆ ಒಳಗೆ ಬರುವ ಬೆಳಕು ತೀರಾ ಕಡಿಮೆಯಾಗಿ ಈ ದರ್ಜೆಯ ಡಿಎಸ್ಎಲ್ಆರ್ ವ್ಯೂಫೈಂಡರಿನಲ್ಲಿ ಆಟೋಫೋಕಸ್ ನಂಬುವಂತಿರುವುದಿಲ್ಲ. ಬೇಡ. ವಿ.ಆರ್., ಐ.ಎಸ್. ತಡೆಯುವುದು ನಮ್ಮ ಕೈನಡುಕವನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ ಶಟರ್ 1/1600 ಸೆಕೆಂಡ್ ಆದರೂ ಇಡಬೇಕು, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿದರೆ ಏರಲಿ.

ಹಳೆಯ ಲೆನ್ಸ್ ಮಾರಲು ತಂದಾಗ ನಾನು ಮೊದಲು ನೋಡುವುದು ಗಾಜನ್ನಲ್ಲ, ಹಿಂಬದಿಯ ಮೌಂಟಿನ, ಅಂದರೆ ಕ್ಯಾಮೆರಾಕ್ಕೆ ಕೂರುವ ಬಳೆಯ, ಸ್ಕ್ರೂಗಳನ್ನು. ಅವುಗಳ ತಲೆ ಸವೆದಿದ್ದರೆ, ಗೀರು ಬಿದ್ದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಆಮೇಲೆ ಎರಡೂ ಮುಚ್ಚಳ ತೆಗೆದು, ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಒಂದು ತುದಿಯಿಂದ ಓರೆಯಾಗಿ ಹಿಡಿದು ಇನ್ನೊಂದು ತುದಿಯಿಂದ ಇಣುಕುತ್ತೇನೆ. ಟಾರ್ಚನ್ನು ನಿಧಾನವಾಗಿ ಸುತ್ತ ತಿರುಗಿಸಬೇಕು, ನೇರ ಬೆಳಕಿಗೆ ತೇವದಿಂದ ಬೆಳೆಯುವ ಫಂಗಸ್ (ಬೂಷ್ಟು) ಕಾಣುವುದಿಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದೇ. ನಾಲ್ಕಾರು ಧೂಳಿನ ಕಣಗಳಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಚಿತ್ರದಲ್ಲಿ ಅವು ಕಾಣವು. ಝೂಮ್ ರಿಂಗ್ ತಿರುಗಿಸುವಾಗ ಕರಕರ ಎಂದರೆ ಬೀಚಿನ ಮರಳು ಒಳಗೆ ಹೋಗಿದೆ; ಆ ಲೆನ್ಸನ್ನು ಅಲ್ಲೇ ಹಿಂದಿರುಗಿಸುತ್ತೇನೆ. ಕೊನೆಗೆ ಗಿರಾಕಿಯದೇ ಕ್ಯಾಮೆರಾಕ್ಕೆ ಹಾಕಿ, ಝೂಮನ್ನು ತುದಿಗೆ ಎಳೆದು, ಎದುರಿನ ಅಂಗಡಿಯ ಬೋರ್ಡಿನ ಅಕ್ಷರಗಳ ಚಿತ್ರ ತೆಗೆದು ದೊಡ್ಡದು ಮಾಡಿ ನೋಡುವುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಷ್ಟನ್ನು ಯಾವ ಅಂಗಡಿಯಲ್ಲೂ ನಿಸ್ಸಂಕೋಚವಾಗಿ ಮಾಡಬಹುದು. ಅದಕ್ಕೆ ಮುಖ ಗಂಟಿಕ್ಕುವ ಅಂಗಡಿಯವರಿಂದ ಕೊಳ್ಳದಿರುವುದೇ ಲೇಸು.

ಗಲ್ಫಿನಿಂದ ಭಾವ ತಂದುಕೊಟ್ಟ ಲೆನ್ಸ್‌ಗಳೂ ನಮ್ಮೂರಿನಲ್ಲಿ ಧಾರಾಳ. ಬೆಲೆ ಕಡಿಮೆಯೇ, ಆದರೆ ಇಲ್ಲಿನ ವಾರಂಟಿ ಕಾರ್ಡ್ ಇರುವುದಿಲ್ಲ.

55-250, 70-300ರಂತಹ ಹಗುರ ಲೆನ್ಸಿಗೆ ಟ್ರೈಪಾಡ್ ಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಆ ಹಣಕ್ಕೆ ಲೆನ್ಸನ್ನು ಫಂಗಸ್‌ನಿಂದ ಕಾಯುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು, ತೇವಾಂಶ ತೋರಿಸುವ ಸಣ್ಣ ಮೀಟರ್ ಬರುತ್ತದೆ. ಮೀಟರಿನ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹರಳನ್ನಷ್ಟೇ ತೆಗೆದು ಬಿಸಿ ಮಾಡಿ ಮತ್ತೆ ಹಾಕಬಹುದು. ಲೆನ್ಸಿನ ಜೊತೆ ಬಂದ ಬಟ್ಟೆಯ ಚೀಲ, ಚರ್ಮದ ಪೌಚ್ ಇವನ್ನು ಡಬ್ಬಿಯೊಳಗೆ ಇಡಬೇಡಿ, ಜೂನ್ ತಿಂಗಳ ತೇವವನ್ನೆಲ್ಲ ಅವೇ ಹೀರಿ ಇಟ್ಟುಕೊಳ್ಳುತ್ತವೆ.