ಮಂಗಳೂರಿನಿಂದ ಮುರುಡೇಶ್ವರಕ್ಕೆ ಸೈಕಲ್: ಕಾಲಿಗಿಂತ ಮೊದಲು ಬೆವರಿಗೆ ತಯಾರಾಗಿ

ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಪಕ್ಕದ ಮಂಚಗಳಲ್ಲಿ ಬಸ್ ಚಾರ್ಜಿಗೂ ಲೆಕ್ಕ ಹಾಕುವವರು ಇರುತ್ತಾರೆ. ಅವರಿಗಾಗಿ ಹಣ ಕೂಡಿಸಬೇಕು ಅಂತ ನಾವು ಆರು ಜನ ಕಳೆದ ಡಿಸೆಂಬರಿನಲ್ಲಿ ಮಂಗಳೂರಿನಿಂದ ಮುರುಡೇಶ್ವರಕ್ಕೆ ಸೈಕಲ್ ತುಳಿದೆವು. ಒಂದೇ ದಿನ, ಸುಮಾರು 160 ಕಿ.ಮೀ.

ಹೆದ್ದಾರಿ 66 ಸಮತಟ್ಟು, ಆರಾಮ ಅಂತ ಎಲ್ಲರೂ ಹೇಳಿದರು. ನಾನೂ ನಂಬಿದ್ದೆ. ಆದರೆ ಘಾಟಿ ಹತ್ತಿದರೆ ಆಮೇಲೆ ಇಳಿಜಾರು ಸಿಗುತ್ತದೆ, ಕಾಲಿಗೆ ಬಿಡುವು. ಕರಾವಳಿಯ ರಸ್ತೆಯಲ್ಲಿ ಆ ಬಿಡುವು ಕಡಿಮೆ. ಗಂಟೆಗಟ್ಟಲೆ ಒಂದೇ ಸಮ ತುಳಿಯುತ್ತಲೇ ಇರಬೇಕು. ಜೊತೆಗೆ ನಮ್ಮೂರಿನ ಸೆಕೆ. ಬೆವರು ಆರುವುದೇ ಇಲ್ಲ, ಅಲ್ವಾ?

ತಯಾರಿಗೆ ಮೂರು ತಿಂಗಳು ಇಟ್ಟುಕೊಳ್ಳಿ. ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆಗೆ ಶುರು ಮಾಡಿದರೆ ಸರಿಯಾಗುತ್ತದೆ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಸುರತ್ಕಲ್‌ವರೆಗೆ ಹೋಗಿ ಬರುತ್ತಿದ್ದೆವು. ಭಾನುವಾರ ಉದ್ದದ ಸವಾರಿ. ಮೊದಲು 40, ಆಮೇಲೆ 60, 80, ಕೊನೆಗೆ 120. ಕೈಕಂಬ, ಮೂಡುಬಿದಿರೆ ದಾಟಿ ಕಾರ್ಕಳಕ್ಕೆ ಹೋಗುವ ಏರಿಳಿತದ ದಾರಿ ಕಾಲಿಗೆ ಒಳ್ಳೆಯದು. ಉಡುಪಿಯವರಾದರೆ ಕಲ್ಸಂಕದಿಂದ ಮಣಿಪಾಲದ ಏರು ಇದ್ದೇ ಇದೆ. ಕೊನೆಯ ಎರಡು ವಾರ ದೂರ ಕಡಿಮೆ ಮಾಡಿ, ಮೈಗೆ ವಿಶ್ರಾಂತಿ ಕೊಡಿ.

ಒಂದೆರಡು ಭಾನುವಾರವಾದರೂ ಬೇಕಂತಲೇ ಹನ್ನೆರಡು ಗಂಟೆಯ ಬಿಸಿಲಿನಲ್ಲಿ ತುಳಿಯಿರಿ. ನಾನು ಅದನ್ನು ಮಾಡಲಿಲ್ಲ. ಎಲ್ಲ ಅಭ್ಯಾಸವೂ ಬೆಳಗಿನ ತಂಪಿನಲ್ಲೇ ಮುಗಿಯುತ್ತಿತ್ತು. ಅದರ ಫಲ ಮುಂದೆ ಹೇಳುತ್ತೇನೆ.

ಹಣದ ವಿಷಯ ಮೊದಲೇ ಸ್ಪಷ್ಟ ಇರಲಿ. ಕಿಲೋಮೀಟರಿಗೆ ಇಷ್ಟು ಅಂತ ಮಾತು ತೆಗೆದುಕೊಂಡೆವು. 5 ರೂಪಾಯಿ ಅಂದವರೂ 160 ಕಿ.ಮೀ.ಗೆ 800 ಕೊಟ್ಟಂತಾಯಿತು. ನಿಮ್ಮ ಖಾತೆಗೆ ಹಣ ಹಾಕಿಸಿಕೊಳ್ಳಬೇಡಿ, ನೇರ ರೋಗಿಗಳಿಗೆ ನೆರವಾಗುವ ಟ್ರಸ್ಟಿನ ಖಾತೆಗೇ ಹೋಗಲಿ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ, 80ಜಿ ಅಂತ ಕರೆಯುವ ನೋಂದಣಿ ಟ್ರಸ್ಟಿಗೆ ಇದೆಯಾ ಕೇಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇದನ್ನು ಕೊಡುವವರಿಗೂ ಮೊದಲೇ ಹೇಳಿಬಿಡಿ.

ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಇನ್ನೂ ಕತ್ತಲು. ಹಿಂದೆ ಮಿನುಗುವ ಕೆಂಪು ದೀಪ, ಮೈಮೇಲೆ ಹೊಳೆಯುವ ಜಾಕೆಟ್ ಇಲ್ಲದೆ ಈ ರಸ್ತೆಗೆ ಇಳಿಯಲೇಬೇಡಿ. ಎಕ್ಸ್‌ಪ್ರೆಸ್ ಬಸ್ಸುಗಳ ವೇಗ ನಿಮಗೆ ಗೊತ್ತೇ ಇದೆ. ರಸ್ತೆಯ ಅಂಚಿನಲ್ಲಿ ಎದುರು ದಿಕ್ಕಿನಿಂದ ಬೈಕುಗಳೂ ಬರುತ್ತವೆ. ಕೂಳೂರು, ಮೂಲ್ಕಿ, ಪಡುಬಿದ್ರಿ, ಕಾಪು ಕಳೆದು ಏಳೂವರೆಗೆ ಉಡುಪಿ. ಅಲ್ಲಿ ಬನ್ಸ್, ಚಹಾ. ಗೋಳಿಬಜೆ ಕರೆಯುತ್ತಿತ್ತು, ಆದರೆ ಬನ್ಸ್ ಮೇಲೆ ಮತ್ತೂ ಎಣ್ಣೆಯದ್ದು ಹೊಟ್ಟೆಗೆ ಭಾರ ಅಂತ ಬಿಟ್ಟೆ.

ಕುಂದಾಪುರದವರೆಗೂ ಏನೂ ತೊಂದರೆ ಇರಲಿಲ್ಲ. ಹೆಮ್ಮಾಡಿ ದಾಟಿದ ಮೇಲೆ ಬಲ ತೊಡೆಯ ಸ್ನಾಯು ಹಿಡಿದುಕೊಂಡಿತು. ಸೈಕಲ್‌ನಿಂದ ಇಳಿಯಲೂ ಆಗಲಿಲ್ಲ, ಗೆಳೆಯ ಹಿಡಿದು ಇಳಿಸಿದ. ಬಿಸಿಲಿಗೆ ಒಗ್ಗದ ಮೈ, ಅದರ ಮೇಲೆ ಬೆಳಗಿನಿಂದ ಉಡುಪಿಯ ಚಹಾ ಬಿಟ್ಟರೆ ಸುಮ್ನೆ ನೀರು ಮಾತ್ರ ಕುಡಿದಿದ್ದೆ. ರಸ್ತೆ ಬದಿಯ ಪುಟ್ಟ ಹೋಟೆಲಿನ ಅಮ್ಮ ನೋಡಿ, "ಬರೀ ನೀರ್ ಕುಡುದ್ರೆ ಆತಿಲ್ಲೆ ಮಗಾ" ಅಂದರು. ಕುಚ್ಚಲಕ್ಕಿ ಗಂಜಿ ತಿಳಿಗೆ ಉಪ್ಪು ಹಾಕಿ ಎರಡು ಲೋಟ ಕೊಟ್ಟರು, ಜೊತೆಗೆ ಮಾವಿನ ಉಪ್ಪಿನಕಾಯಿ. ದುಡ್ಡು ಬೇಡವೆಂದರು. ಮುಕ್ಕಾಲು ಗಂಟೆ ಕೂತು ಎದ್ದೆ. ಅಪ್ಪ ಉಪ್ಪು, ನೀರು ಎರಡನ್ನೂ ಅಳೆದು ತೆಗೆದುಕೊಳ್ಳಬೇಕು. ನನ್ನ ಮೈ ಅದೇ ಎರಡನ್ನು ಬೇಡುತ್ತಿತ್ತು. ಆ ಲೋಟ ಹಿಡಿದುಕೊಂಡು ಅದನ್ನೇ ಯೋಚಿಸುತ್ತಿದ್ದೆ.

ನೀವು ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇಟ್ಟುಕೊಳ್ಳಿ. ಬಾಯಾರಿಕೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ. ಬೊಂಡ, ಅಂದರೆ ಎಳನೀರು, ದಾರಿಯುದ್ದಕ್ಕೂ ಸಿಗುತ್ತದೆ. ಆದರೆ ಬೆವರಿನಲ್ಲಿ ಹೋದ ಉಪ್ಪಿಗೆ ಅದೊಂದೇ ಸಾಲದು.

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಇಷ್ಟು ಹತ್ತಿರದಿಂದ ಎರಡನ್ನೂ ನೋಡಿಕೊಂಡು ತುಳಿಯುವುದು ಬೇರೆಯೇ ಸುಖ. ಅಷ್ಟರಲ್ಲಿ ಕಡಲ ಗಾಳಿ ಎದ್ದಿತ್ತು. ಉತ್ತರಕ್ಕೆ ಹೋಗುವವರಿಗೆ ಅದು ಎಡಮುಂದಿನಿಂದ ಹೊಡೆಯುತ್ತದೆ. ಸಾಲಾಗಿ, ಒಬ್ಬರ ಹಿಂದೊಬ್ಬರು ಹೋಗಿ, ಮುಂದಿರುವವರು ಐದು ನಿಮಿಷಕ್ಕೊಮ್ಮೆ ಬದಲಾಗಲಿ. ಬೈಂದೂರು ದಾಟಿದ ಮೇಲೆ ಒತ್ತಿನೆಣೆ ಏರು ಬರುತ್ತದೆ. ಬೇರೆ ದಿನ ಅದು ದೊಡ್ಡದಲ್ಲ, ಆದರೆ ಅಷ್ಟು ದೂರ ತುಳಿದ ಕಾಲಿಗೆ ದೊಡ್ಡದೇ. ಹಗುರ ಗೇರಿಗೆ ಹಾಕಿ, ನಿಧಾನಕ್ಕೆ ಹತ್ತಿ. ನಾನು ಅರ್ಧ ದಾರಿ ತಳ್ಳಿಕೊಂಡು ಹೋದೆ. ಶಿರೂರು, ಭಟ್ಕಳ ಬೇಗ ಕಳೆದವು. ಮುರುಡೇಶ್ವರ ತಲುಪಿದಾಗ ಮೂರೂಮುಕ್ಕಾಲು. ನನ್ನ ಮೀಟರಿನಲ್ಲಿ 161.

ಸೈಕಲ್‌ಗಳನ್ನು ಪಿಕಪ್‌ನಲ್ಲಿ ಹಾಕಿಕೊಂಡು ರಾತ್ರಿಯೇ ಹಿಂದೆ ಬಂದೆವು. ಕಡಲ ಗಾಳಿಯ ಉಪ್ಪಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ಎಷ್ಟೇ ಸುಸ್ತಾಗಿದ್ದರೂ ಮೊದಲು ಸೈಕಲ್ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ನಾನು ತೊಳೆಯುವಷ್ಟು ಹೊತ್ತೂ ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಟಾರ್ಚ್ ಹಿಡಿದಿದ್ದರು.